ಮ್ಯಾಲ ಹಿಂದ ಖುಲ್ಲಾ

ನಮ್ಮ ಮನೆಯಲ್ಲಿ ಯಾರಾದರೂ ಹೊರಗೆ ಹೊರಟರೆ ‘ಎಲ್ಲಿಗೆ?’ ಎಂದು ಕೇಳುವಂತಿರಲಿಲ್ಲ. ತೀರಾ ತಡೆಯಲಾಗದಿದ್ದರೆ ‘ದೂರ ಏನು?’ ಎನ್ನಬಹುದಿತ್ತು. ಹೊಸ್ತಿಲು ದಾಟಿದವರನ್ನು ಬೆನ್ನ ಹಿಂದಿನಿಂದ ಕರೆಯುವುದಂತೂ ಕೊಲೆಗೆ ಸಮನಾದ ಅಪರಾಧ. ಅಪ್ಪ ಕೊಡೆ ಮರೆತು ಹೋದರೆ ನಾನು ಅದನ್ನು ಹಿಡಿದುಕೊಂಡು ಹಿತ್ತಲಿನಿಂದ ಓಡಿ, ಓಣಿಯನ್ನೆಲ್ಲ ಸುತ್ತು ಹಾಕಿ, ಅವರ ಎದುರಿಗೆ ಹೋಗಿ ನಿಂತು, ಆಕಸ್ಮಿಕವಾಗಿ ಸಿಕ್ಕವನಂತೆ ಕೊಡಬೇಕಾಗಿತ್ತು. ಬಾಯಿ ತಪ್ಪಿ ಯಾರಾದರೂ ಕರೆದೇಬಿಟ್ಟರೆ ಹೊರಟವರು ಮರಳಿ ಬಂದು, ಕುಳಿತು, ಒಂದು ತಂಬಗಿ ನೀರು ಕುಡಿದು, ಹೊಸದಾಗಿ ಹೊರಡಬೇಕು. ಅದರಿಂದ ದೋಷ ಕಳೆಯುತ್ತದೆ ಎಂದು ಅವ್ವ ಹೇಳುತ್ತಿದ್ದಳು. ಆದರೆ ಕರೆದವನ ಮುಖವನ್ನು ಆಕೆ ನೋಡುವ ರೀತಿಯಲ್ಲಿ ದೋಷ ಪೂರ್ತಿ ಕಳೆದ ಹಾಗೆ ಕಾಣುತ್ತಿರಲಿಲ್ಲ.

ಹುಟ್ಟಾ ಚಿಂತೆಯವನಾದ ನನಗೆ ಇದು ದೊಡ್ಡ ಶಿಕ್ಷೆಯಾಗಿತ್ತು. ಏಕೆಂದರೆ ಚಿಂತೆ ನನಗೆ ಬರುವುದೇ ಜನ ಹೊಸ್ತಿಲು ದಾಟಿದ ಮೇಲೆ. ದೀಪ ಆರಿಸಿದರೋ ಇಲ್ಲವೋ, ಬಸ್ಸಿನ ಬ್ರೇಕು ಸರಿ ಇದೆಯೋ ಇಲ್ಲವೋ, ಆ ಬಸ್ಸಿನ ಚಾಲಕ ರಾತ್ರಿ ನಿದ್ದೆ ಮಾಡಿದ್ದನೋ ಇಲ್ಲವೋ. ಕರೆದು ಕೇಳುವಂತಿಲ್ಲ. ಹೀಗಾಗಿ ನಾನು ನಲವತ್ತು ದಾಟುವವರೆಗೂ ಎಲ್ಲರ ಬೆನ್ನು ನೋಡುತ್ತ, ಬಾಯಿ ಮುಚ್ಚಿಕೊಂಡು, ಒಳಗೊಳಗೇ ಕುದಿಯುವ ವಿದ್ಯೆಯಲ್ಲಿ ಪಳಗಿಬಿಟ್ಟಿದ್ದೆ.

ಕುಂದಗೋಳದ ಹೈಸ್ಕೂಲಿನಲ್ಲಿ ನಾನು ಚಿತ್ರಕಲೆಯ ಮಾಸ್ತರ. ಎಪ್ಪತ್ತರ ದಶಕದ ಮೊದಲ ವರ್ಷಗಳು. ನನಗಿಂತ ಬಹಳ ಚಿಕ್ಕವನಾದ ತಮ್ಮ ಒಬ್ಬ ಇದ್ದ. ಸೊಸೈಟಿಯಲ್ಲಿ ಗುಮಾಸ್ತ. ಇಡೀ ದಿನ ಬೀಜ ಗೊಬ್ಬರದ ಚೀಲಗಳ ನಡುವೆ ಕುಳಿತಿರುವ ಮನುಷ್ಯ, ರವಿವಾರ ಬಂದರೆ ಆಕಾಶದಲ್ಲಿರಬೇಕು ಎಂದು ಹಟ ಹಿಡಿದ. ಹುಬ್ಬಳ್ಳಿಯ ಕೆಲವು ಹವ್ಯಾಸಿಗಳು ಕೂಡಿಕೊಂಡು ಎರಡು ಗ್ಲೈಡರು, ಒಂದು ಹಳೆಯ ಎಂಜಿನ್ನಿನ ವಿಮಾನ ತಂದು ಯರಗುಪ್ಪಿಯ ದಾರಿಯಲ್ಲಿ ಹಾರಿಸುತ್ತಿದ್ದರು. ಬೇಸಿಗೆಗೆ ಬಿರುಕು ಬಿಡುವ ಕಪ್ಪು ಮಣ್ಣಿನ ನಮ್ಮ ಎರೆ ಸೀಮೆಯಲ್ಲಿ ಗಟ್ಟಿಯಾದ ಗರಸು ನೆಲ ಸಿಗುವುದು ಅಪರೂಪ. ಅಲ್ಲಿಯ ಗೌಡರೊಬ್ಬರ ಹೊಲಗಳ ನಡುವೆ ಅಂಥದೊಂದು ಉದ್ದನೆಯ ಪಟ್ಟಿ ಬಿದ್ದಿತ್ತು. ‘ಅಲ್ಲಿ ಹುಲ್ಲೂ ಬೆಳ್ಯಂಗಿಲ್ಲ, ಇಮಾನರೆ ಬೆಳ್ಕೊಳ್ರಿ’ ಎಂದು ಗೌಡರು ಬಿಟ್ಟುಕೊಟ್ಟಿದ್ದರು.

ಗ್ಲೈಡರಿಗೆ ಎಂಜಿನ್ ಇಲ್ಲ. ಎಂಜಿನ್ ಇರುವ ವಿಮಾನ ಅದನ್ನು ಉದ್ದನೆಯ ಹಗ್ಗದಿಂದ ಎಳೆದುಕೊಂಡು ಮೇಲೇರುತ್ತದೆ. ಸಾಕಷ್ಟು ಎತ್ತರಕ್ಕೆ ಹೋದ ಮೇಲೆ ಗ್ಲೈಡರಿನವನು ಹಗ್ಗ ಬಿಟ್ಟು ಬಲಕ್ಕೆ ಹೊರಳುತ್ತಾನೆ, ಎಳೆದವನು ಎಡಕ್ಕೆ ಹೊರಳಿ ಇಳಿಯುತ್ತಾನೆ. ಹಾಗೆ ಒಬ್ಬರಿಗೊಬ್ಬರು ಅಡ್ಡ ಬರುವುದಿಲ್ಲ. ನಮ್ಮ ಜನ ಮೊದಲ ದಿನವೇ ಎಳೆಯುವ ವಿಮಾನಕ್ಕೆ ‘ಎತ್ತು’ ಎಂದೂ ಗ್ಲೈಡರಿಗೆ ‘ಬಂಡಿ’ ಎಂದೂ ಹೆಸರಿಟ್ಟರು. ಆ ಹೆಸರುಗಳೇ ನಿಂತವು.

ಅವ್ವನಿಗೆ ಇದೆಲ್ಲ ತಿಳಿದಾಗ ಆಕೆ ತಮ್ಮನಿಗೆ ಏನೂ ಅನ್ನಲಿಲ್ಲ. ನನ್ನನ್ನು ಕರೆದಳು.

“ನೀನೂ ಹೋಗು ಅವನ ಜೋಡಿ.”

“ನಾನಾ? ನನಗ ಅಟ್ಟ ಹತ್ತಿದ್ರ ತಲಿ ತಿರಗತೈತಿ, ಯವ್ವಾ.”

“ಹಾರು ಅಂತ ಯಾರಂದ್ರು? ಅಂವ ಮ್ಯಾಲಿರತಾನ, ನೀ ಕೆಳಗ ಇರು.”

“ಕೆಳಗಿದ್ದು ಏನ್ ಮಾಡ್ಲಿ?”

“ನೋಡು,” ಎಂದಳು. “ಒಬ್ಬರರೆ ನೋಡವ್ರು ಇರಬೇಕು.”

ಹೀಗೆ ಪ್ರತಿ ರವಿವಾರ ತಮ್ಮನ ಸೈಕಲ್ಲಿನ ಕ್ಯಾರಿಯರಿನ ಮೇಲೆ ಕುಳಿತು ನಾನು ನೋಡಲು ಹೊರಟೆ. ಮಗುವನ್ನು ಶಾಲೆಗೆ ಕಳಿಸುವಾಗ ಆಯಾ ಬಂದ ಹಾಗೆ ಅಣ್ಣ ಬಂದಿದ್ದಾನೆ ಎಂದು ಅವನ ಗೆಳೆಯರು ನಗುತ್ತಿದ್ದರು. ನಗುವುದಕ್ಕೆ ನಾನು ಸಾಕಷ್ಟು ಅವಕಾಶವನ್ನೂ ಕೊಡುತ್ತಿದ್ದೆ. ಹಗ್ಗ ಹಳೆಯದಲ್ಲವೇ? ಆ ಹದ್ದುಗಳು ಅಲ್ಲಿ ಯಾಕೆ ಸುತ್ತುತ್ತಿವೆ? ಅವನು ಬೆಳಿಗ್ಗೆ ಸರಿಯಾಗಿ ಉಂಡಿಲ್ಲ, ಹಾರಬಹುದೇ?

ಎತ್ತು ಹಾರಿಸುತ್ತಿದ್ದವರು ವಾಯುಪಡೆಯಿಂದ ನಿವೃತ್ತರಾಗಿ ಬಂದ, ನಮ್ಮ ಕಡೆಯವರೇ ಆದ ಒಬ್ಬ ಹಿರಿಯರು. ಎಲ್ಲರೂ ಅವರಿಗೆ ಸಾಹೇಬರು ಎನ್ನುತ್ತಿದ್ದರು. ಮೂರನೆಯದೋ ನಾಲ್ಕನೆಯದೋ ರವಿವಾರ ಅವರು ನನ್ನ ಹತ್ತಿರ ಬಂದು ಒಂದು ಬಿಳಿ, ಒಂದು ಕೆಂಪು ನಿಶಾನೆ ಕೈಗಿತ್ತರು.

“ಸುಮ್ಮ ನಿಂತು ಎದಿ ಬಡಕೊಳ್ಳೂ ಬದಲಿ ಇವನ್ನ ಹಿಡೀರಿ ಮಾಸ್ತರ. ನಿಮ್ಮ ಚಿಂತಿಗೆ ಒಂದು ಕೆಲಸ ಸಿಕ್ಕಂಗಾತು.”

“ನನಗ ಇದರಾಗಿಂದು ಏನೂ ಗೊತ್ತಿಲ್ರಿ.”

“ಗೊತ್ತಿರೂದು ಬ್ಯಾಡ. ಕಣ್ಣಿದ್ರ ಸಾಕು. ಕೇಳ್ರಿಲ್ಲೆ. ನನ್ನ ರೆಕ್ಕಿ ನನ್ನ ತಲಿ ಮ್ಯಾಲ ಐತಿ, ಮ್ಯಾಲ ಏನೈತಿ ನನಗ ಕಾಣಂಗಿಲ್ಲ. ಹಿಂದ ಬಂಡ್ಯಾಗ ಕುಂತಾಂವ ಎತ್ತಿನ ಬಾಲಾನ ನೋಡ್ಕೋತ ಬರ್ತಾನ, ಅತ್ತಾಗ ಇತ್ತಾಗ ನೋಡಿದ್ರ ಹಗ್ಗ ಜೋಲಿ ಹೊಡೀತೈತಿ. ಇನ್ನ ಮ್ಯಾಲಿಂದ ಇಳ್ಯಾಕ ಬಂದಾಂವಗ ತನ್ನ ಮೂಗಿನ ಕೆಳಗ ಏನೈತಿ ಕಾಣಂಗಿಲ್ಲ. ಅವಂಗ ಎಂಜಿನ್ನೂ ಇಲ್ಲ, ತಡೀರಿ ಇನ್ನೊಂದು ಸುತ್ತು ಹಾಕಿ ಬರ್ತೀನಿ ಅನ್ನಾಕ ಬರಂಗಿಲ್ಲ. ಮೂರೂ ಮಂದಿ ಕುರುಡ್ರು. ಕಣ್ಣು ನಿಮ್ಮವು.”

ಕೆಲಸ ಇಷ್ಟೇ. ಪಟ್ಟಿಯ ಅಂಚಿನಲ್ಲಿ, ಸಾಹೇಬರಿಗೆ ಕಾಣುವಂತೆ ಸ್ವಲ್ಪ ಮುಂದೆ ನಿಲ್ಲಬೇಕು. ತಲೆಯ ಮೇಲೆ ನೋಡಬೇಕು, ಬಂಡಿಯ ಹಿಂದೆ ಆಕಾಶ ನೋಡಬೇಕು. ಯಾರೂ ಇಳಿಯಲು ಬರುತ್ತಿಲ್ಲವೆಂದರೆ “ಮ್ಯಾಲ ಹಿಂದ ಖುಲ್ಲಾ!” ಎಂದು ಒದರಿ ಬಿಳಿ ನಿಶಾನೆ ಬೀಸಬೇಕು. ಏನಾದರೂ ಕಂಡರೆ ಕೆಂಪು. ಕೆಂಪು ಕಂಡರೆ ಸಾಹೇಬರು ಎಲ್ಲಿದ್ದರಲ್ಲಿ ಎಂಜಿನ್ ತಗ್ಗಿಸಿ ಹಗ್ಗ ಬಿಟ್ಟುಬಿಡುತ್ತಾರೆ.

ನಾನು ಖುಲ್ಲಾ ಎನ್ನುವಷ್ಟರಲ್ಲಿ ಎಂಜಿನ್ ಬಿಸಿಯಾಗಿ ಹೊಗೆ ಬರುತ್ತಿತ್ತು. ಒಂದು ಸಲ ನೋಡುತ್ತಿದ್ದೆ, ಮತ್ತೊಂದು ಸಲ ನೋಡುತ್ತಿದ್ದೆ, ನೋಡಿದ್ದು ಸರಿಯೇ ಎಂದು ಮತ್ತೆ ನೋಡುತ್ತಿದ್ದೆ. ಹದ್ದು ಕಂಡರೆ ಕೆಂಪು. ಗಾಳಿಗೆ ಹಾರಿದ ಒಣ ಎಲೆಯ ರವದಿ ಕಂಡರೆ ಕೆಂಪು. “ಮಾಸ್ತರ, ಮದವಿ ಮುಹೂರ್ತಕ್ಕೂ ಇಷ್ಟು ತಡ ಆಗಂಗಿಲ್ರಿ” ಎಂದು ಸಾಹೇಬರು ಕೂಗುತ್ತಿದ್ದರು. ಆದರೆ ಒಳಗಿನ ವಿಷಯ ಯಾರಿಗೂ ತಿಳಿದಿರಲಿಲ್ಲ. ಈ ಕೆಂಪೆಲ್ಲ ಚಕ್ರ ಉರುಳುವ ಮೊದಲಿನ ಕೆಂಪು. ಖುಲ್ಲಾ ಎಂದು, ಬಿಳಿ ಬೀಸಿ, ಚಕ್ರ ಉರುಳಿದ ಮೇಲೆ ನಾನು ಒಮ್ಮೆಯೂ ಯಾರನ್ನೂ ತಡೆದಿರಲಿಲ್ಲ. ತಡೆಯಬೇಕಾದ ಪ್ರಸಂಗ ಬಂದಿರಲಿಲ್ಲ. ಬಂದರೆ ಏನು ಮಾಡುತ್ತೇನೆ ಎಂಬ ಒಂದೇ ಒಂದು ಚಿಂತೆಯನ್ನು ಮಾತ್ರ, ಲೋಕದ ಎಲ್ಲ ಚಿಂತೆ ಹೊತ್ತ ನಾನು, ಮಾಡಿರಲಿಲ್ಲ.

ಮಾಘದ ಒಂದು ರವಿವಾರ ಗೌಡರು ತಾವೇ ಬಂಡಿ ಹತ್ತುವುದೆಂದು ನಿಶ್ಚಯವಾಯಿತು. ಜೋಳ ಕಟಾವಾಗಿ ಹೊಲಗಳಲ್ಲಿ ಬರೀ ಕೂಳೆ ಉಳಿದಿತ್ತು. ಎರಡು ಚಕ್ಕಡಿಯಲ್ಲಿ ಅವರ ಮನೆಯವರೆಲ್ಲ ಬಂದಿದ್ದರು. ಚಕ್ಕಡಿಗಳನ್ನು ಪಟ್ಟಿಯ ಬಾಜೂಕ, ನಾನು ನಿಂತ ಜಾಗದಿಂದ ಇನ್ನಷ್ಟು ಮುಂದೆ ಬಿಟ್ಟಿದ್ದರು. ರೊಟ್ಟಿ, ಎಣ್ಣೆಗಾಯಿ, ದೊಡ್ಡ ಡಬರಿಯ ತುಂಬ ಸಿಹಿ ಮಾದಲಿ. ಗೌಡಸಾನಿ, ಅಂದರೆ ಗೌಡರ ಹೆಂಡತಿ, ಬಂಡಿಯ ಮೂಗಿಗೆ ಕಾಯಿ ಒಡೆದಳು, ಗಂಡನ ಹಣೆಗೆ ಕುಂಕುಮ ಹಚ್ಚಿದಳು. ಗೌಡರು ಬಿಳಿ ಪಟಗಾ ಸುತ್ತಿಕೊಂಡೇ ಮುಂದಿನ ಸೀಟಿನಲ್ಲಿ ಕುಳಿತರು. ಹಾರಾಟ ಕಲಿಸುವ ಹುಬ್ಬಳ್ಳಿಯವರೊಬ್ಬರು ಹಿಂದೆ ಕುಳಿತರು. ಪಟಗಾ ಗಾಜಿಗೆ ತಾಗುತ್ತಿತ್ತು. ‘ತಗದಿಡ್ರಿ’ ಎಂದರೆ ‘ಮ್ಯಾಲ ಹೋಗೂ ಮುಂದ ಬೋಳ ತಲೀಲೆ ಹೋಗೂದೇನ?’ ಎಂದರು.

ನನ್ನ ತಮ್ಮ ಅಷ್ಟರಲ್ಲಿ ಒಬ್ಬನೇ ಸಣ್ಣ ಗ್ಲೈಡರಿನಲ್ಲಿ ಮೇಲಿದ್ದ. ನೋಡಿದೆ. ಹಿಂದೆ, ಪಡುವಣ ದಿಕ್ಕಿಗೆ, ಹದ್ದುಗಳ ಜೊತೆ ಅಗದಿ ಎತ್ತರದಲ್ಲಿ ಸುತ್ತುತ್ತಿದ್ದ. ಇಳಿಯಲು ಇನ್ನೂ ಹೊತ್ತಿದೆ. ಮತ್ತೆ ನೋಡಿದೆ. ಆಗ ಗೌಡರು ಒಳಗಿಂದ ಕೈ ಬೀಸಿ, “ಮಾಸ್ತರ, ಹೊತ್ತು ಮೀರಾಕತ್ತೈತಿ, ಛಲೋ ಗಳಿಗಿ ಐತಿ!” ಎಂದರು. ಚಕ್ಕಡಿಯ ಜನವೆಲ್ಲ ನನ್ನ ಕಡೆ ನೋಡಿತು. ಮೂರನೆಯ ಸಲ ನೋಡದೆ ನಾನು “ಮ್ಯಾಲ ಹಿಂದ ಖುಲ್ಲಾ!” ಎಂದೆ. ಬಿಳಿ ಬೀಸಿದೆ. ಹಗ್ಗ ಬಿಗಿಯಾಯಿತು, ಎತ್ತು ಕದಲಿತು.

ಕದಲಿದ ಮೇಲೆ, ಅಭ್ಯಾಸಬಲದಿಂದ, ತಿರುಗಿ ನೋಡಿದೆ.

ಗಾಳಿಯಲ್ಲಿ ಏರುವ ಸುಳಿ ಇರುವಂತೆ ಇಳಿಯುವ ಸುಳಿಯೂ ಇರುತ್ತದೆ ಎಂದು ಆಮೇಲೆ ತಿಳಿದುಕೊಂಡೆ. ತಮ್ಮ ಅಂಥದರಲ್ಲಿ ಸಿಕ್ಕು, ಬಾವಿಗೆ ಬಿಟ್ಟ ಕೊಡದಂತೆ ಕೆಳಗೆ ಬಂದುಬಿಟ್ಟಿದ್ದ. ಎತ್ತರ ಉಳಿದಿರಲಿಲ್ಲ, ನೇರ ಪಟ್ಟಿಯ ಕಡೆ ಮೂಗು ಮಾಡಿದ್ದ. ಅವನ ಮುಂದೆ, ಅವನ ಮೂಗಿನ ಕೆಳಗೆ, ಎತ್ತು ಮತ್ತು ಬಂಡಿ ಓಡುತ್ತಿದ್ದವು. ಇನ್ನು ಸ್ವಲ್ಪ ಹೊತ್ತಿಗೆ ಇವು ಮೇಲೇಳುವುದು, ಅವನು ಕೆಳಗಿಳಿಯುವುದು ಒಂದೇ ಜಾಗದಲ್ಲಿ ಆಗಲಿತ್ತು. ಮೂವರೂ ಕುರುಡರು. ಕಣ್ಣು ನನ್ನವು.

ಕೆಂಪು ನಿಶಾನೆ ನನ್ನ ಬಲಗೈಯಲ್ಲಿತ್ತು. ಎತ್ತಿದೆ. ಸೊಂಟದವರೆಗೆ ಎತ್ತಿದೆ. ಅಷ್ಟರಲ್ಲಿ ಬಂಡಿಯ ಗಾಜಿನಲ್ಲಿ ಗೌಡರ ಮುಖ ಕಂಡಿತು. ಹಣೆಯ ತುಂಬ ಕುಂಕುಮ, ಎರಡೂ ಕೈ ಜೋಡಿಸಿ ಮನೆಯವರ ಕಡೆ ನಗುತ್ತಿದ್ದರು. ಹೊರಟಿದ್ದಾರೆ. ಹೊರಟವರನ್ನು ತಡೆಯುವುದೇ? ಕಾಯಿ ಒಡೆದು, ಗಳಿಗೆ ನೋಡಿ, ಹೆಂಡತಿಯ ಕೈಯಿಂದ ಕುಂಕುಮ ಹಚ್ಚಿಸಿಕೊಂಡು ಹೊರಟವರನ್ನು? ಇದನ್ನು ನಾನು ವಿಚಾರ ಮಾಡಿದೆ ಎಂದು ಹೇಳಿದರೆ ನನಗೇ ಹೆಚ್ಚಿನ ಮರ್ಯಾದೆ ಕೊಟ್ಟುಕೊಂಡ ಹಾಗೆ. ವಿಚಾರ ಮಾಡಲಿಲ್ಲ. ಕೈ ತಾನೇ ನಿಂತಿತು. ಎತ್ತು ನನ್ನನ್ನು ದಾಟಿ ಹೋಯಿತು, ಹಿಂದೆ ಬಂಡಿಯೂ ದಾಟಿತು. ಇನ್ನು ನಾನು ಅವರ ಬೆನ್ನ ಹಿಂದೆ.

ಚಕ್ಕಡಿಯ ಮೇಲೆ ತಮ್ಮನ ಗ್ಲೈಡರಿನ ನೆರಳು ಹರಿಯಿತು. ಚಕ್ಕಡಿಯ ಎತ್ತುಗಳು ಬೆದರಿದವು. ಗೌಡಸಾನಿ ತಲೆ ಎತ್ತಿ ನೋಡಿದಳು. ಆಕೆ ಉಟ್ಟಿದ್ದು ಇಳಕಲ್ಲ ಸೀರೆ, ಸೆರಗು ಕೆಂಪು. ಎಂದೂ ತಲೆಯಿಂದ ಜಾರದ ಆ ಸೆರಗನ್ನು ಎಳೆದು, ಪಟ್ಟಿಯ ಅಂಚಿಗೆ ಓಡಿ, ಎರಡೂ ಕೈಯಿಂದ ಮೇಲೆತ್ತಿ ಬೀಸಿದಳು. “ನಿಂದರ್ರೀ! ನಿಂದರ್ರೀ!” ಎಂದು ಒದರಿದ್ದು ಎಂಜಿನ್ನಿನ ಸದ್ದಿನಲ್ಲಿ ಅವರಿಗೆ ಕೇಳಿರಲಾರದು. ನನಗೆ ಕೇಳಿತು.

ಸಾಹೇಬರು ಕೆಂಪು ಕಂಡರು. ಎಂಜಿನ್ ತಗ್ಗಿತು, ಹಗ್ಗ ಕಳಚಿತು. ಬಂಡಿ ಓರೆಯಾಗಿ ಪಟ್ಟಿಯ ಹೊರಗೆ ಹೋಗಿ ಒಂದು ರೆಕ್ಕೆ ಊರಿ ನಿಂತಿತು. ಎತ್ತಿನ ಚಕ್ರಗಳು ಇನ್ನೂ ನೆಲ ಬಿಟ್ಟಿರಲಿಲ್ಲ. ತಮ್ಮನ ಗ್ಲೈಡರು ಅದರ ತಲೆಯ ಮೇಲಿಂದ ಸುಯ್ಯೆಂದು ದಾಟಿ, ಪಟ್ಟಿ ಸಾಲದೆ, ಜೋಳದ ಕೂಳೆಯಲ್ಲಿ ಇಳಿದು ಕುಪ್ಪಳಿಸಿತು. ಅದರ ಹೊಟ್ಟೆಯ ಕೆಳಗಿನ ಜಾರುಪಟ್ಟಿ ಮುರಿಯಿತು. ತಮ್ಮ ಗಾಜು ತೆಗೆದು ಹೊರಗೆ ಬಂದು ನಿಂತ. ನಿಂತ ಎಂಬುದನ್ನು ನೋಡಿ ನಾನು ಕುಳಿತೆ.

ಸಾಹೇಬರು ಇಳಿದು ನನ್ನ ಹತ್ತಿರ ಬಂದರು. ಸಿಟ್ಟು ಮಾಡಿದ್ದರೆ ಚೆನ್ನಾಗಿತ್ತು.

“ಮಾಸ್ತರ, ಕೆಂಪು ನಿಶಾನಿ ಎಲ್ಲೈತ್ರಿ?”

“ಕೈಯಾಗ ಐತ್ರಿ.”

“ನನಗ ಕಾಣಲಿಲ್ಲ.”

“ಸೊಂಟದ ತನಕ ಎತ್ತಿದ್ನಿರಿ.”

ಅವರು ನನ್ನ ಸೊಂಟ ನೋಡಿದರು, ನಿಶಾನೆ ನೋಡಿದರು. “ಯಾಕ್ರಿ?”

“ಗೌಡ್ರು ಹೊಂಟಿದ್ರಲ್ರಿ. ಮೊದಲನೇ ಸಲ. ಹೊಂಟವರನ್ನ ತಡೀಬಾರದು ಅಂತ…”

ನನ್ನ ಮಾತು ನನಗೇ ಕೇಳಿದಾಗ ಆ ಗರಸು ನೆಲದಲ್ಲಿ ಒಂದು ಬಿರುಕಾದರೂ ಇರಬಾರದಿತ್ತೇ ಅನಿಸಿತು. ಎರೆ ಹೊಲವಾಗಿದ್ದರೆ ಇರುತ್ತಿತ್ತು. ಗೌಡರು ಪಟಗಾ ಸರಿಮಾಡಿಕೊಳ್ಳುತ್ತ ಬಂದಿದ್ದರು. ಕೇಳಿ ನಕ್ಕುಬಿಟ್ಟರು. “ಅಪಶಕುನ ಆಗಬಾರದು ಅಂತ ನನ್ನ ಶಿವನ ಪಾದಕ್ಕ ಕಳಸಾಕತ್ತಿದ್ರೇನ್ರಿ ಮಾಸ್ತರ!”

ಗೌಡಸಾನಿ ನಗಲಿಲ್ಲ. ಆಕೆ ಸೆರಗನ್ನು ಮತ್ತೆ ತಲೆಗೆಳೆದುಕೊಂಡು ನನ್ನ ಎದುರಿಗೆ ಬಂದು ನಿಂತಳು. “ಹಿಂದ ಕರೀಬಾರದು ಅಂತ ನಮ್ಮತ್ತಿನೂ ಹೇಳ್ಯಾಳ್ರಿ,” ಎಂದಳು. “ಕಣ್ಣ ಮುಂದ ಹೆಣ ಬೀಳೂ ಮುಂದ ಬಾಯಿ ಮುಚಗೊಂಡಿರು ಅಂತ ಹೇಳಿಲ್ಲ. ಕೆಂಪು ತೋರಿಸಿದ್ರ ನಿಂದರತಾರ ಅನ್ನೂದು ಹೊಲದಾಗಿಂದ ನಿಮ್ಮನ್ನ ನೋಡೇ ಕಲ್ತೀನಿ. ಪ್ರತಿ ರವಿವಾರ ಅದನ್ನ ತೋರಸ್ತಿದ್ರೆಲ್ರಿ! ಇವತ್ತ ಏನಾಗಿತ್ತು?”

ಅಷ್ಟು ಜನ ಗಂಡಸರ ಮುಂದೆ ಆಕೆ ತಲೆಯ ಸೆರಗು ತೆಗೆದು ಬೀಸಬೇಕಾಗಿ ಬಂದದ್ದು ನಾನು ಕೈಯನ್ನು ಸೊಂಟದಿಂದ ಹೆಗಲಿಗೆ ಎತ್ತಲಾರದ್ದಕ್ಕೆ. ನಾನು ಆಕೆಯ ಕಾಲು ನೋಡುತ್ತ ನಿಂತೆ. ಓಡುವಾಗ ಕೂಳೆ ಚುಚ್ಚಿ ಪಾದದಲ್ಲಿ ರಕ್ತ ಬಂದಿತ್ತು.

ಆಮೇಲೆ ಆಕೆಯೇ ಗಂಡನನ್ನು ಚಕ್ಕಡಿಯ ನೆರಳಿನಲ್ಲಿ ಕುಳ್ಳಿರಿಸಿ ಒಂದು ತಂಬಗಿ ನೀರು ಕುಡಿಸಿದಳು. ಗೌಡರು ಮೀಸೆ ಒರೆಸಿಕೊಂಡು ಎದ್ದು, “ಹಾಂ, ಈಗ ನಡೀರಿ” ಎಂದು ಮತ್ತೆ ಬಂಡಿ ಹತ್ತಿದರು. ಹೋಗಿ ಬಂದರು. ನಿಶಾನೆಯನ್ನು ಆಗ ಬೇರೆ ಯಾರೋ ಹಿಡಿದಿದ್ದರು. ನಾನು ಚಕ್ಕಡಿಯ ಹಿಂದೆ ಕುಳಿತಿದ್ದೆ. ಊಟಕ್ಕೆ ಕರೆದರು. ‘ಮಾಸ್ತರ ಬಹಳ ಅಂಜ್ಯಾರ, ಹಾಕ್ರಿ’ ಎಂದು ನನ್ನ ಎಲೆಗೆ ಮಾದಲಿ ಎರಡು ಸಲ ಬಿತ್ತು, ಮೇಲೆ ಹಾಲು. ಇನ್ನೊಬ್ಬನಾಗಿದ್ದರೆ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ನಾನು ಪೂರ್ತಿ ಉಂಡೆ. ಹೆದರಿದಾಗ ನನಗೆ ಹಸಿವು ಹೆಚ್ಚು. ಇದೂ ಒಂದು ಹೇಳಿಕೊಳ್ಳಬಾರದ ಸಂಗತಿ.

ಸಂಜೆ ತಮ್ಮ ಸೈಕಲ್ಲು ತುಳಿಯುತ್ತಿದ್ದ, ನಾನು ಹಿಂದೆ. ಅವನ ಅಂಗಿಗೆ ಎರೆ ಮಣ್ಣು ಮೆತ್ತಿತ್ತು. ಬಹಳ ದೂರ ಬಂದ ಮೇಲೆ ತಾನಾಗಿಯೇ ಹೇಳಿದ. “ನನಗ ಎತ್ತು ಕಾಣಲೇ ಇಲ್ಲಣ್ಣ. ಎಡಕ್ಕ ನೆಲದ ಮ್ಯಾಲ ನಂದೊಂದು ನೆರಳು ಓಡಾಕತ್ತಿತ್ತು, ಮುಂದ ಇನ್ನೊಂದು. ಎರಡೂ ಕೂಡಾಕ ಬಂದಿದ್ವು. ಒಮ್ಮಿಂದೊಮ್ಮೆಲೆ ಮುಂದಿಂದು ನಿಂತುಬಿಟ್ಟತು.”

ನಾನು ಹೂಂ ಎಂದೆ.

“ಅಣ್ಣಾ, ನಾ ಬರೂದು ನಿನಗ ಕಂಡಿತ್ತೇನು?”

ಇಲ್ಲ ಎನ್ನಲಿ ಎಂದು ಅವನು ಕೇಳಿದ್ದು. ದನಿಯಲ್ಲೇ ತಿಳಿಯುತ್ತಿತ್ತು. ಕಾಣಲಿಲ್ಲ ಎಂದಿದ್ದರೆ ಇಬ್ಬರಿಗೂ ಹಗುರಾಗುತ್ತಿತ್ತು.

“ಕಂಡಿತ್ತು,” ಎಂದೆ.

ಅವನು ತುಳಿಯುತ್ತ ಹೋದ. ಅವನ ಬೆನ್ನು ನನ್ನ ಮೂಗಿನ ಮುಂದೆಯೇ ಇತ್ತು. ಊರು ಬರುವವರೆಗೂ ಅದನ್ನೇ ನೋಡಿದೆ.

ಬಾಗಿಲಲ್ಲಿ ಅವ್ವ ನಿಂತಿದ್ದಳು. “ಹೆಂಗಾತು?”

“ಗಾಳಿ ಛಲೋ ಇತ್ತಬೇ,” ಎಂದ ತಮ್ಮ. “ಅಣ್ಣ ಇದ್ದನಲ್ಲ ಕೆಳಗ. ನಿನಗ್ಯಾಕ ಚಿಂತಿ?”

ಗೌಡಸಾನಿಯ ಮಾತಿಗಿಂತ ಇದು ಆಳಕ್ಕೆ ಇಳಿಯಿತು.

ಮುಂದಿನ ರವಿವಾರ ನನಗೆ ಹೊಟ್ಟೆನೋವು ಬಂತು. ಅವ್ವ ಓಮಿನ ನೀರು ಕುಡಿಸಿ ಕ್ಯಾರಿಯರಿನ ಮೇಲೆ ಕೂರಿಸಿದಳು. ಹೊಲ ತಲುಪಿದರೆ, ನಾನು ನಿಲ್ಲುತ್ತಿದ್ದ ಜಾಗದಲ್ಲಿ ಮಣ್ಣಿನ ಹರವಿಯೊಂದು ಕುಳಿತಿತ್ತು. ತುಂಬ ನೀರು. ಮೇಲೆ ಮುಚ್ಚಳ, ಮುಚ್ಚಳದ ಮೇಲೆ ತಂಬಗಿ. ಗೌಡಸಾನಿ ಕಳಿಸಿದ್ದು. ‘ತಡದ್ರ ಇಳೀರಿ, ಕುಂದರ್ರಿ, ನೀರು ಕುಡದು ಹೋಗ್ರಿ. ದೋಷ ಹೋತು. ಎಷ್ಟು ಸಲ ತಡದ್ರೂ ಹರವಿ ತುಂಬಸೂದು ನನಗ ಬಿಡ್ರಿ’ ಎಂದು ಹೇಳಿ ಕಳಿಸಿದ್ದಳಂತೆ.

ಸಾಹೇಬರು ನಿಶಾನೆಗಳನ್ನು ನನ್ನ ಮುಂದೆ ಹಿಡಿದರು.

“ಬ್ಯಾಡ್ರಿ,” ಎಂದೆ. “ಬ್ಯಾರೆ ಯಾರಿಗರೆ ಕೊಡ್ರಿ.”

“ಕೊಟ್ಟು ನೋಡಿದೆ. ಅಂವ ಬೀಡಿ ಸೇದಕೋತ ಖುಲ್ಲಾ ಅಂತಾನ. ನಿಮ್ಮಷ್ಟು ಅಂಜಬುರಕ ಮನಷ್ಯಾ ಈ ಜಿಲ್ಲಾದಾಗ ನನಗ ಸಿಗಂಗಿಲ್ಲ. ಅಂಜಿಕಿ ಭರ್ತಿ ಐತಿ. ಕೈ ಒಂದು ಎತ್ತಬೇಕು. ಈಗ ನೀರಿನ ಬಂದೋಬಸ್ತೂ ಆಗೈತಿ.”

ನಾನು ತಮ್ಮನ ಕಡೆ ನೋಡಿದೆ. ಸಣ್ಣ ಗ್ಲೈಡರಿನ ಜಾರುಪಟ್ಟಿ ದುರಸ್ತಿಯಾಗಿತ್ತು. ಅವನು ಆಗಲೇ ಒಳಗೆ ಕುಳಿತು ಸೊಂಟದ ಪಟ್ಟಿ ಬಿಗಿದುಕೊಳ್ಳುತ್ತಿದ್ದ. ನನ್ನನ್ನು ನೋಡಿ ಗಾಜು ಮುಚ್ಚಿಕೊಂಡ. ಹಗ್ಗ ಸಿಕ್ಕಿಸಿದರು. ಗೌಡರ ಆಳು ರೆಕ್ಕೆಯ ತುದಿ ಎತ್ತಿ ಹಿಡಿದ.

ಮೇಲೆ ನೋಡಿದೆ. ಹಿಂದೆ ನೋಡಿದೆ. ಅಂದು ಆಕಾಶ ತೊಳೆದ ತಾಟಿನ ಹಾಗಿತ್ತು. ಎರಡನೆಯ ಗ್ಲೈಡರು ನೆಲದ ಮೇಲೇ ನಿಂತಿತ್ತು. ಖುಲ್ಲಾ ಎಂದೆ, ಬಿಳಿ ಬೀಸಿದೆ. ಎತ್ತು ಕದಲಿತು. ತಮ್ಮ ಕದಲಿದ. ನಾನು ಮತ್ತೆ ಹಿಂದೆ ನೋಡಿದೆ. ಏನೂ ಇಲ್ಲ. ಕಳೆದ ವಾರವೂ ಇದೇ ಹೊತ್ತಿಗೆ ಏನೂ ಇರಲಿಲ್ಲ, ಆಮೇಲೆ ಇತ್ತು. ಚಕ್ರ ನನ್ನ ಹತ್ತಿರ ಬರುತ್ತಿತ್ತು. ಇನ್ನೊಂದು ಗಳಿಗೆ ಕಳೆದರೆ ಅವನ ಬೆನ್ನು.

ನನ್ನ ಬಲಗೈ ಹೆಗಲು ದಾಟಿ, ತಲೆ ದಾಟಿ ಹೋಯಿತು. ಹಿಮ್ಮಡಿ ಎತ್ತಿ, ಮೈಯೆಲ್ಲ ನಿಶಾನೆಯಾಗಿ ಕೆಂಪು ಬೀಸಿದೆ.

ಎಂಜಿನ್ ತಗ್ಗಿತು. ಹಗ್ಗ ಕಳಚಿತು. ಧೂಳು ನಿಧಾನ ಕೂತಿತು. ಎಲ್ಲರೂ ಮೇಲೆ ನೋಡಿದರು. ನೋಡಲು ಏನೂ ಇರಲಿಲ್ಲ. ತಮ್ಮ ಗಾಜು ತೆಗೆದು, ಸೊಂಟದ ಪಟ್ಟಿ ಬಿಚ್ಚಿ, ಇಳಿದು ನನ್ನ ಕಡೆ ನಡೆದು ಬಂದ.

“ಏನ್ ಕಂಡ್ಯೋ ಅಣ್ಣಾ?”

“ಹದ್ದು.”

ಅವನು ಆಕಾಶವನ್ನು ಒಂದು ಸುತ್ತು ನೋಡಿದ. “ಎಲ್ಲೈತಿ?”

“ಹೋತು.”

“ಮಾಸ್ತರ! ಏನಾತ್ರಿ ಈಗ?” ಸಾಹೇಬರು ಎತ್ತಿನೊಳಗಿಂದ ಕತ್ತು ಹೊರಗೆ ಹಾಕಿ ಕೂಗಿದರು.

ತಮ್ಮ ನನ್ನ ಮುಖ ನೋಡಿದ. ನನ್ನ ಕೈ ಇನ್ನೂ ಮೇಲೆಯೇ ಇತ್ತು; ಇಳಿಸುವುದನ್ನು ಮರೆತಿದ್ದೆ. “ಹದ್ದು ಬಂದಿತ್ರಿ ಸಾಹೇಬ್ರ! ಅಗದಿ ದೊಡ್ಡದು!” ಎಂದು ಅವನು ಕೂಗಿ ಹೇಳಿದ. ಆಮೇಲೆ ನನ್ನ ಮೊಣಕೈ ಹಿಡಿದು ಕೈಯನ್ನು ಕೆಳಗಿಳಿಸಿದ.

ಹರವಿಯ ಪಕ್ಕ ನೆಲದ ಮೇಲೆ ಚಕ್ಕಳಮಕ್ಕಳ ಕುಳಿತ. ತಂಬಗಿ ತುಂಬಿಕೊಂಡು, ಎತ್ತಿ, ಗಟಗಟ ಕುಡಿದ. ಅರ್ಧ ಉಳಿಸಿ ನನ್ನ ಕೈಗೆ ಕೊಟ್ಟ. ನಾನೂ ಕುಳಿತು ಕುಡಿದೆ. ಅವನು ಎದ್ದು ಹೋಗಿ ಮತ್ತೆ ಒಳಗೆ ಕುಳಿತ. ಹಗ್ಗ ಸಿಕ್ಕಿಸಿದರು. ನಾನು ಮೇಲೆ ನೋಡಿದೆ, ಹಿಂದೆ ನೋಡಿದೆ. ಮತ್ತೆ ಮೇಲೆ. ಮತ್ತೆ ಹಿಂದೆ.

“ಅಣ್ಣಾ,” ತಮ್ಮ ಒಳಗಿನಿಂದ ಕೂಗಿದ, “ಹರವಿ ಬರಿದಾಗೂದರಾಗ ಒದರು ಮಾರಾಯಾ!”

ಒದರಿದೆ.